ಹಿತ್ತಲ ದೊಡ್ಡ ಮರಕ್ಕೆ ಬಲೆ ಹುಳ ಬಿದ್ದರೆ ಏನು ಮಾಡಬೇಕು: ಮಾವಿನ ಮರ ಇರುವವರಿಗೊಂದು ಸಮಗ್ರ ಮಾರ್ಗದರ್ಶಿ

ಮಳೆ ಕಡಿಮೆಯಾಗುತ್ತಾ ಬಂದಂತೆ, ದಸರಾ ದೀಪಾವಳಿಯ ಸುಮಾರಿಗೆ, ಹಳೆಯ ಮಾವಿನ ಮರಗಳನ್ನು ತಲೆಯೆತ್ತಿ ನೋಡಿ. ಹಸಿರು ಕೊಂಬೆಗಳ ತುದಿಯಲ್ಲಿ ಅಲ್ಲಲ್ಲಿ ಕಂದು ಬಣ್ಣದ ಒಣ ಎಲೆಯ ಗುಪ್ಪೆಗಳು ನೇತಾಡುತ್ತಿರುತ್ತವೆ. ಜೋರು ಗಾಳಿಗೂ ಉದುರುವುದಿಲ್ಲ. ಬಿಳಿ ನೂಲು ಎಲೆಗೆ ಎಲೆಯನ್ನು ಬಿಗಿದು ಹಿಡಿದಿರುತ್ತದೆ, ನೂಲಿನ ತುಂಬ ಕಪ್ಪು ಹಿಕ್ಕೆ ಸಿಕ್ಕಿಕೊಂಡಿರುತ್ತದೆ. ಇದು ಎಲೆ ಹೆಣೆಯುವ ಹುಳದ ಕೆಲಸ. ವಿಜ್ಞಾನಿಗಳು ಇದನ್ನು ಓರ್ಥಾಗ ಅನ್ನುತ್ತಾರೆ. ನಾವು ಬಲೆ ಹುಳ ಎಂದೇ ಕರೆಯೋಣ.

ಇದನ್ನು ಕಂಡ ಕೂಡಲೇ ಮನೆಯಲ್ಲಿ ಎರಡು ಮಾತು ಬರುತ್ತವೆ. ಒಬ್ಬರು ‘ಮರಕ್ಕೆ ರೋಗ ಬಂತು, ಕಡಿಸಿಬಿಡೋಣ’ ಅನ್ನುತ್ತಾರೆ. ಇನ್ನೊಬ್ಬರು ‘ಏನಾದ್ರೂ ಔಷಧಿ ಹೊಡೆಸಿ’ ಅನ್ನುತ್ತಾರೆ. ಮರ ಕಡಿಸುವ ಮಾತನ್ನಂತೂ ಪೂರ್ತಿ ಬಿಟ್ಟುಬಿಡಿ. ಚೆನ್ನಾಗಿ ಬೇರು ಬಿಟ್ಟ ಮಾವಿನ ಮರ ಈ ಹುಳದಿಂದ ಸಾಯುವುದಿಲ್ಲ. ಔಷಧಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಮನೆ ಪಕ್ಕದ ಎತ್ತರದ ಮರಕ್ಕೆ ಮೊದಲು ಬೇಕಾದದ್ದು ಉದ್ದನೆಯ ದೋಟಿ, ಅಂದರೆ ತುದಿಗೆ ಕುಡುಗೋಲೋ ತಂತಿಯೋ ಕಟ್ಟಿದ ಬಿದಿರ ಕೋಲು. ಎರಡನೆಯದು, ಮರದ ಹೊಟ್ಟೆಯೊಳಗೆ ಬೆಳಕು. ಔಷಧಿ ಮೂರನೆಯದು, ಅದೂ ಬೇಕಾದರೆ ಮಾತ್ರ. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲು ಹುಳದ ಬದುಕು ತಿಳಿದುಕೊಳ್ಳಿ

ಬೂದು ಮಿಶ್ರಿತ ಕಂದು ಬಣ್ಣದ ಸಣ್ಣ ಪತಂಗ ರಾತ್ರಿ ಹೊತ್ತು ಬಂದು ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಸುಮಾರು ಒಂದು ವಾರದಲ್ಲಿ ಮರಿ ಹೊರಬರುತ್ತದೆ. ಚಿಕ್ಕ ಮರಿಗಳು ಗುಂಪಾಗಿ ಎಲೆಯ ಮೇಲ್ಪದರವನ್ನು ಮಾತ್ರ ಕೆರೆದು ತಿನ್ನುತ್ತವೆ. ಆ ಎಲೆ ಬಿಸಿಲಿಗೆ ಹಿಡಿದರೆ ಜಾಲರಿಯಾಗಿ ಕಾಣುತ್ತದೆ. ಸ್ವಲ್ಪ ಬೆಳೆದ ಮೇಲೆ ಅಕ್ಕಪಕ್ಕದ ಎಲೆಗಳನ್ನು ನೂಲಿನಿಂದ ಎಳೆದು ಕಟ್ಟಿಕೊಂಡು, ಒಳಗೆ ಕೂತು ಎಲೆಯನ್ನೇ ಕಬಳಿಸುತ್ತವೆ. ನಡುನರ, ಪಕ್ಕದ ನರ ಮಾತ್ರ ಉಳಿಯುತ್ತದೆ. ಹೀಗೆ ಎರಡರಿಂದ ನಾಲ್ಕು ವಾರ ತಿಂದು, ಆಮೇಲೆ ಬಲೆಯೊಳಗೋ ಮರದ ಬುಡದ ಮಣ್ಣಿನಲ್ಲೋ ಕೋಶವಾಗುತ್ತದೆ. ಕೋಶದಿಂದ ಮತ್ತೆ ಪತಂಗ. ವರ್ಷಕ್ಕೆ ಒಂದೇ ಸಲ ಬಂದು ಹೋಗುವ ಹುಳ ಇದಲ್ಲ, ಒಂದು ತಲೆಮಾರಿನ ಹಿಂದೆ ಇನ್ನೊಂದು ಬರುತ್ತಲೇ ಇರುತ್ತದೆ.

ಇದರಿಂದ ನಮಗೆ ಬೇಕಾದ ಎರಡು ವಿಷಯ ಸಿಗುತ್ತವೆ. ಒಂದು, ಬಲೆಯೊಳಗೆ ಹುಳ ಇರುವುದು ಕೆಲವೇ ವಾರ. ಆಮೇಲೆ ಒಣ ಗುಪ್ಪೆ ತಿಂಗಳುಗಟ್ಟಲೆ ಮರದಲ್ಲೇ ಉಳಿಯುತ್ತದೆ, ಆದರೆ ಒಳಗೆ ಯಾರೂ ಇರುವುದಿಲ್ಲ. ಫೆಬ್ರುವರಿಯಲ್ಲಿ ಒಣ ಗುಪ್ಪೆ ನೋಡಿ ಗಾಬರಿಯಾಗಿ ಔಷಧಿ ಹೊಡೆಸಿದರೆ ದುಡ್ಡು ದಂಡ. ಎರಡು, ಆ ನೂಲಿನ ಗೂಡು ಹುಳಕ್ಕೆ ಕೋಟೆ. ಸಿಂಪಡಿಸಿದ ನೀರು ಹೊರಗಿನ ಎಲೆ ಮೇಲೆ ಜಾರಿ ಕೆಳಗೆ ಬೀಳುತ್ತದೆ, ಒಳಗಿರುವ ಹುಳಕ್ಕೆ ತಾಗುವುದೇ ಇಲ್ಲ. ಹಾಗಾಗಿ ಬಲೆ ಒಡೆಯದೆ ಏನೇ ಹೊಡೆದರೂ ಅರ್ಧ ಕೆಲಸ.

ಹಂತ 1: ಒಂದು ಗುಪ್ಪೆ ಕೆಳಗಿಳಿಸಿ, ಬಿಡಿಸಿ ನೋಡಿ

ಎಟುಕುವ ಒಂದು ಗುಪ್ಪೆಯನ್ನು ತುದಿ ಸಮೇತ ಕತ್ತರಿಸಿ, ಬಿಳಿ ಕಾಗದ ಅಥವಾ ಹಳೆ ಪಂಚೆಯ ಮೇಲೆ ಇಟ್ಟು ನಿಧಾನವಾಗಿ ಬಿಡಿಸಿ. ಎಲೆ ಬಿಡಿಸುವಾಗ ನೂಲು ಚರಚರ ಹರಿಯುತ್ತದೆ. ಹಿಕ್ಕೆ ಪುಡಿಪುಡಿಯಾಗಿ ಉದುರುತ್ತದೆ. ಒಳಗೆ ನೂಲಿನದೇ ಸಣ್ಣ ಸುರಂಗ ಇರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಹುಳ ಪಟಪಟ ಒದ್ದಾಡಿ ಹಿಂದಕ್ಕೆ ಸರಿಯುತ್ತದೆ, ಇಲ್ಲವೇ ನೂಲು ಬಿಟ್ಟುಕೊಂಡು ಕೆಳಗೆ ಜಿಗಿಯುತ್ತದೆ. ಒಂದೇ ಗುಪ್ಪೆಯಲ್ಲಿ ನಾಲ್ಕೈದು ಹುಳ ಸಿಗುವುದೂ ಉಂಟು. ಹಿಕ್ಕೆ ಹಸಿಯಾಗಿದ್ದು, ಗುಪ್ಪೆಯಲ್ಲಿ ಇನ್ನೂ ಹಸಿರು ಎಲೆ ಸೇರಿಕೊಂಡಿದ್ದರೆ ಒಳಗೆ ಜೀವ ಇದೆ ಎಂದು ತಿಳಿಯಿರಿ. ಪೂರ್ತಿ ಒಣಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಅದು ಖಾಲಿ ಗೂಡು.

ಮೇಲಿನ ಗುಪ್ಪೆಗಳನ್ನು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಫೋಟೋ ತೆಗೆದು ನೋಡಿ. ಸಂಜೆಯ ಓರೆ ಬಿಸಿಲಲ್ಲಿ ನೂಲು ಚೆನ್ನಾಗಿ ಹೊಳೆಯುತ್ತದೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಮಾವಿನ ಮರದಲ್ಲಿ ಎಲೆ ಸೇರಿಸಿ ಗೂಡು ಕಟ್ಟುವ ಇನ್ನೊಂದು ಜೀವಿ ಇದೆ: ಕೆಂಜಿಗ. ಮಲೆನಾಡಲ್ಲಿ ಚಗಳಿ ಅನ್ನುತ್ತಾರೆ, ಚಟ್ನಿ ಮಾಡುತ್ತಾರಲ್ಲ, ಅದೇ. ಅದರ ಗೂಡು ಉಂಡೆಯಾಗಿ, ಬಿಗಿಯಾಗಿ ಇರುತ್ತದೆ. ಎಲೆಗಳು ಹಸಿರಾಗಿಯೇ ಇರುತ್ತವೆ, ಯಾರೂ ತಿಂದಿರುವುದಿಲ್ಲ. ಎಲೆಯ ಅಂಚುಗಳ ನಡುವೆ ಬಿಳಿ ಪೊರೆ ಇರುತ್ತದೆ, ಹಿಕ್ಕೆ ಇರುವುದಿಲ್ಲ. ಮೆಲ್ಲಗೆ ತಟ್ಟಿದರೆ ಸಾಲುಸಾಲು ಇರುವೆ ಹೊರಗೆ ಓಡಿ ಬರುತ್ತವೆ. ಈ ಗೂಡನ್ನು ದಯವಿಟ್ಟು ಕೀಳಬೇಡಿ. ಚಗಳಿ ಹುಳ ಬೇಟೆಯಾಡುವ ಇರುವೆ, ನಿಮ್ಮ ಕೆಲಸವನ್ನು ಅದು ಹಗಲೂ ರಾತ್ರಿ ಮಾಡುತ್ತಿರುತ್ತದೆ. ಚೀನಾದಲ್ಲಿ ಕಿತ್ತಳೆ ಜಾತಿಯ ಮರಗಳಿಗೆ ಬಿಡಲು ಈ ಇರುವೆಯ ಗೂಡುಗಳನ್ನು ಮಾರುತ್ತಿದ್ದರು ಎಂಬುದಕ್ಕೆ ಕ್ರಿ.ಶ. 4ನೇ ಶತಮಾನದ ಬರಹದ ಆಧಾರವಿದೆ. ಹಣ್ಣು ಕೀಳುವಾಗ ಕಚ್ಚುತ್ತದೆ ನಿಜ, ಹಿಟ್ಟು ತಿಗಣೆಯನ್ನು ಸಾಕಿಕೊಳ್ಳುವ ಅಭ್ಯಾಸವೂ ಇದೆ. ಆದರೂ ಬಲೆ ಹುಳ ಇರುವ ಮರದಲ್ಲಿ ಚಗಳಿ ಇರುವುದೇ ಒಳ್ಳೆಯದು.

ಇನ್ನೊಂದು ಹುಳವನ್ನೂ ಬಿಟ್ಟುಬಿಡಿ. ಮಾವಿನ ಎಲೆಯ ನಡುನರದ ಉದ್ದಕ್ಕೂ ಅಂಟಿಕೊಂಡು, ಎರಡೂ ಪಕ್ಕಕ್ಕೆ ಪುಕ್ಕದಂಥ ಹಸಿರು ಮುಳ್ಳು ಹರಡಿಕೊಂಡು ಮಲಗಿರುವ ಹುಳ ಒಂಟಿಯಾಗಿ ಸಿಕ್ಕರೆ ಅದು ಬ್ಯಾರನ್ ಚಿಟ್ಟೆಯ ಮರಿ. ಬಲೆ ಕಟ್ಟುವುದಿಲ್ಲ. ಅದು ತಿನ್ನುವ ಎರಡು ಎಲೆಯಿಂದ ಮರಕ್ಕೆ ಏನೂ ಆಗುವುದಿಲ್ಲ.

ಹಂತ 2: ಏನಾದರೂ ಮಾಡಬೇಕಾ, ಸುಮ್ನೆ ಬಿಡಬಹುದಾ?

ದೊಡ್ಡ ಮರದಲ್ಲಿ ಅಲ್ಲೊಂದು ಇಲ್ಲೊಂದು ಗುಪ್ಪೆ ಇದ್ದರೆ ಸುಮ್ನೆ ಬಿಡಿ. ಕೆಂಬೂತ, ಕಾಜಾಣ, ಮೈನಾ, ಕಣಜ, ಜೇಡ ಎಲ್ಲವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ.

ಕೈ ಹಾಕಬೇಕಾದ ಸಂದರ್ಭ ಬೇರೆ. ಮರ ಇನ್ನೂ ಎಳೆಯದಾಗಿದ್ದರೆ, ನಾಲ್ಕೈದು ವರ್ಷದ ಒಳಗಿನದಾಗಿದ್ದರೆ, ಒಂದು ಗುಪ್ಪೆ ಕಂಡರೂ ತೆಗೆಯಿರಿ. ಎಳೆ ಗಿಡಕ್ಕೆ ಇರುವ ಎಲೆಯೇ ಕಮ್ಮಿ. ದೊಡ್ಡ ಮರದಲ್ಲಾದರೆ, ಯಾವ ಕಡೆ ನೋಡಿದರೂ ಗುಪ್ಪೆ ಕಾಣುವಷ್ಟಾದಾಗ ಕೆಲಸ ಶುರು ಮಾಡಿ. ಕಾರಣ ಹಣ್ಣು. ಮಾವು ಹೂ ಬಿಡುವುದು ಬಲಿತ ಕೊಂಬೆಯ ತುದಿಯಲ್ಲಿ. ಹುಳ ಬಲೆ ಕಟ್ಟುವುದೂ ಅದೇ ತುದಿಯಲ್ಲಿ. ಎಲೆ ಕಳೆದುಕೊಂಡು ಒಣಗಿದ ತುದಿ ಡಿಸೆಂಬರ್, ಜನವರಿಯಲ್ಲಿ ಹೂ ಬಿಡುವುದಿಲ್ಲ. ಮರಕ್ಕೆ ಅಪಾಯ ಇಲ್ಲದಿದ್ದರೂ ಉಪ್ಪಿನಕಾಯಿಗೆ ಮಿಡಿ ಇರುವುದಿಲ್ಲ.

ಹಂತ 3: ದೋಟಿ ಸಿದ್ಧ ಮಾಡಿಕೊಳ್ಳಿ

ಇದು ಇಡೀ ಕೆಲಸದ ತಿರುಳು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚೆನ್ನಾಗಿ ಒಣಗಿದ, ನೆಟ್ಟಗಿನ ಬಿದಿರು ಬೇಕು. ಹದಿನೈದರಿಂದ ಇಪ್ಪತ್ತು ಅಡಿ ಸಾಕು. ಅದಕ್ಕಿಂತ ಉದ್ದವಾದರೆ ತುದಿ ಬಳುಕುತ್ತದೆ, ಹತ್ತು ನಿಮಿಷದಲ್ಲಿ ಭುಜ ಸೋಲುತ್ತದೆ. ಹಸಿ ಬಿದಿರು ಭಾರ, ಬೇಡ. ಗೆಣ್ಣುಗಳನ್ನು ಮಚ್ಚಿನಿಂದ ಸವರಿ ನುಣುಪು ಮಾಡಿ, ಇಲ್ಲದಿದ್ದರೆ ಅಂಗೈ ಹರಿದುಕೊಳ್ಳುತ್ತದೆ.

ತುದಿಗೆ ಎರಡು ಬಗೆಯ ಮೂತಿ ಮಾಡಿಕೊಳ್ಳಬಹುದು. ಮೊದಲನೆಯದು ಕುಡುಗೋಲಿನ ಮೂತಿ. ಸಣ್ಣ ಕುಡುಗೋಲನ್ನು ಕಬ್ಬಿಣದ ತಂತಿಯಿಂದ ಎರಡು ಕಡೆ ಬಿಗಿದು ಕಟ್ಟಿ. ಗುಪ್ಪೆಯ ಕೆಳಗೆ ಅರ್ಧ ಅಡಿ ಬಿಟ್ಟು, ಹಸಿರಾಗಿರುವ ಜಾಗದಲ್ಲಿ ಸಿಕ್ಕಿಸಿ ಒಂದೇ ಸಲ ಎಳೆಯಿರಿ. ಗುಪ್ಪೆ ಇಡೀ ಕೆಳಗೆ ಬರುತ್ತದೆ. ಎರಡನೆಯದು ಸುತ್ತುವ ಮೂತಿ. ದಪ್ಪ ತಂತಿಯ ಎರಡು ಮೂರು ಕವಲು ಮಾಡಿ, ಕವಲುಗಳ ತುದಿ ಹೊರಕ್ಕೆ ಬಾಗಿಸಿ ಕಟ್ಟಿ. ಅದನ್ನು ಗುಪ್ಪೆಯ ನಡುವೆ ತೂರಿಸಿ ಬಿದಿರನ್ನು ತಿರುಗಿಸಿ. ನೂಲು, ಎಲೆ, ಹುಳ ಎಲ್ಲ ತಂತಿಗೆ ಸುತ್ತಿಕೊಂಡು ಕಿತ್ತು ಬರುತ್ತದೆ, ಕೊಂಬೆ ಉಳಿಯುತ್ತದೆ. ಸೆಪ್ಟೆಂಬರ್ ಆದ ಮೇಲೆ ನಾನು ಸುತ್ತುವ ಮೂತಿಯನ್ನೇ ಬಳಸಿ ಎನ್ನುತ್ತೇನೆ. ಆಗ ಕತ್ತರಿಸುವ ಪ್ರತಿ ತುದಿಯೂ ಬರುವ ವರ್ಷದ ಹೂವು. ತುದಿ ಈಗಾಗಲೇ ಒಣಗಿದ್ದರೆ ಮಾತ್ರ ಕುಡುಗೋಲು.

ಕರೆಂಟ್ ತಂತಿ ಹತ್ತಿರ ಇದೆಯಾ ಎಂದು ದೋಟಿ ಎತ್ತುವ ಮೊದಲೇ ನೋಡಿ. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಕೋಲು ಹಗುರ, ಆದರೆ ತಂತಿ ಹಾದುಹೋಗುವ ಮರಕ್ಕೆ ಅದು ಪ್ರಾಣಾಪಾಯ. ಬಿದಿರೂ ಒದ್ದೆಯಾದರೆ ಕರೆಂಟ್ ಹರಿಸುತ್ತದೆ. ತಂತಿಗೆ ತಾಗುವ ಕೊಂಬೆ ಇದ್ದರೆ ನೀವು ಕೈ ಹಾಕಲೇಬೇಡಿ. ವಿದ್ಯುತ್ ಕಂಪನಿಯ 1912 ಸಂಖ್ಯೆಗೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿ ಅವರಿಂದಲೇ ಕೊಂಬೆ ತೆಗೆಸಿ.

ಹಂತ 4: ಬಲೆ ತೆಗೆಯುವ ದಿನ

ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಒಳ್ಳೆಯ ಹೊತ್ತು. ಹಗಲಲ್ಲಿ ಹುಳ ಗೂಡಿನೊಳಗೇ ಇರುತ್ತದೆ. ಇಬ್ಬರು ಇದ್ದರೆ ಚೆನ್ನ. ಒಬ್ಬರು ದೋಟಿ ಹಿಡಿದರೆ ಇನ್ನೊಬ್ಬರು ಕೆಳಗಿನಿಂದ ‘ಎಡಕ್ಕೆ, ಇನ್ನೂ ಮೇಲೆ’ ಎಂದು ಹೇಳಬೇಕು. ಎಲೆಗಳ ನಡುವೆ ದೋಟಿ ಹಿಡಿದವರಿಗೆ ತುದಿ ಕಾಣುವುದಿಲ್ಲ.

ಮರದ ಕೆಳಗೆ ಹಳೆ ಟಾರ್ಪಾಲು ಅಥವಾ ಸೀರೆ ಹಾಸಿ. ಇದನ್ನು ಬಿಡಬೇಡಿ. ಗುಪ್ಪೆ ಬೀಳುವಾಗ ಹುಳಗಳು ಜಿಗಿದು ಕಸದ ನಡುವೆ ಸೇರಿಕೊಳ್ಳುತ್ತವೆ. ಬಟ್ಟೆ ಇದ್ದರೆ ಗುಡಿಸಿ ಹಿಡಿಯಬಹುದು. ಉದ್ದ ತೋಳಿನ ಅಂಗಿ, ಟೋಪಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮೇಲೆ ನೋಡುತ್ತಾ ಕೆಲಸ ಮಾಡುವಾಗ ಹಿಕ್ಕೆ, ಧೂಳು, ಕತ್ತರಿಸಿದ ತುದಿಯಿಂದ ಮಾವಿನ ಸೊನೆ ಎಲ್ಲ ನೇರ ಮುಖದ ಮೇಲೆ ಬೀಳುತ್ತದೆ. ಸೊನೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ತಾಗಿದ ಕೂಡಲೇ ಸೋಪು ಹಾಕಿ ತೊಳೆಯಿರಿ.

ಕೆಳಗಿನ ಕೊಂಬೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ದೋಟಿಗೆ ಎಟುಕದ ತುತ್ತತುದಿಯ ಗುಪ್ಪೆಗಳಿಗಾಗಿ ಜೀವ ಒತ್ತೆ ಇಟ್ಟು ಹತ್ತಬೇಡಿ. ಮಳೆಗಾಲದ ಪಾಚಿ ಇನ್ನೂ ತೊಗಟೆ ಮೇಲಿರುತ್ತದೆ, ಕಾಲು ಜಾರುತ್ತದೆ. ಮುಕ್ಕಾಲು ಪಾಲು ಬಲೆ ತೆಗೆದರೂ ಸಾಕು, ಮುಂದಿನ ತಲೆಮಾರಿನ ಪತಂಗ ಅಷ್ಟೇ ಕಮ್ಮಿಯಾಗುತ್ತದೆ. ಎತ್ತರದ ಗುಪ್ಪೆ ಜಾಸ್ತಿ ಇದ್ದರೆ ಹಗ್ಗ, ಸೊಂಟಪಟ್ಟಿ ಕಟ್ಟಿಕೊಂಡು ಹತ್ತುವ ಅನುಭವಿಗಳನ್ನು ಕರೆಸಿ. ಹೇಗೂ ಕೊಯ್ಲಿನ ನಂತರ ಕೊಂಬೆ ಸವರಲು ಅವರು ಬರಬೇಕು, ಗುಪ್ಪೆ ಆಗಸ್ಟ್ ಒಳಗೇ ಕಂಡಿದ್ದರೆ ಎರಡೂ ಕೆಲಸ ಒಟ್ಟಿಗೆ ಮಾಡಿಸಬಹುದು.

ಎರಡು ಮೂರು ವಾರ ಬಿಟ್ಟು ಮತ್ತೆ ಒಂದು ಸುತ್ತು ಹಾಕಿ. ಮೊದಲ ಸಲ ಮೊಟ್ಟೆಯಾಗಿದ್ದವು ಈಗ ಬಲೆ ಕಟ್ಟಿರುತ್ತವೆ.

ಹಂತ 5: ಕೆಳಗಿಳಿಸಿದ ಬಲೆಯನ್ನು ಏನು ಮಾಡಬೇಕು

ಮರದ ಬುಡದಲ್ಲಿ ಗುಡ್ಡೆ ಹಾಕಿ ಹೋದರೆ ಹುಳ ಅಲ್ಲೇ ಮಣ್ಣಿಗೆ ಇಳಿದು ಕೋಶವಾಗುತ್ತದೆ. ಮಾಡಿದ್ದೆಲ್ಲ ನೀರಲ್ಲಿ ಹೋಮ. ಕೋಳಿ ಇದ್ದರೆ ಟಾರ್ಪಾಲಿನ ಮೇಲೆ ಗುಪ್ಪೆ ಬಿಡಿಸಿ ಕೋಳಿ ಬಿಡಿ, ಒಂದೂ ಉಳಿಯುವುದಿಲ್ಲ. ಇಲ್ಲದಿದ್ದರೆ ದೊಡ್ಡ ಬಕೆಟ್ಟಿಗೆ ನೀರು ತುಂಬಿಸಿ, ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಹಾಕಿ, ಗುಪ್ಪೆಗಳನ್ನು ಮುಳುಗಿಸಿ ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಡಿ. ಬರೀ ನೀರಲ್ಲಿ ನೂಲು ಗಾಳಿ ಹಿಡಿದಿಟ್ಟುಕೊಂಡು ತೇಲುತ್ತದೆ, ಸೋಪು ಬೇಕೇ ಬೇಕು. ಜಾಗ ಇದ್ದವರು ಎರಡಡಿ ಗುಂಡಿ ತೋಡಿ ಹೂಳಬಹುದು.

ಬೆಂಕಿ ಬೇಡ. ದೋಟಿ ತುದಿಗೆ ಸೀಮೆಎಣ್ಣೆ ಬಟ್ಟೆ ಸುತ್ತಿ ಮರದ ಮೇಲೇ ಬಲೆ ಸುಡುವುದನ್ನು ಕೆಲವು ಕಡೆ ಮಾಡುತ್ತಾರೆ. ಹುಳ ಮಾಡಿದ ಗಾಯ ಒಂದು ಚಿಗುರಿನಲ್ಲಿ ವಾಸಿಯಾಗುತ್ತದೆ, ಸುಟ್ಟ ತೊಗಟೆ ವರ್ಷಗಟ್ಟಲೆ ಮಾಯುವುದಿಲ್ಲ. ಉರಿಯುವ ಎಲೆ ಪಕ್ಕದ ಮನೆ ಮೇಲೆ ಬಿದ್ದರಂತೂ ಕೇಳುವುದೇ ಬೇಡ.

ಆಮೇಲೆ ಮರದ ಬುಡದ ಸುತ್ತ, ಕೊಂಬೆ ಹರಡಿದಷ್ಟು ದೂರ, ಮೇಲುಮಣ್ಣನ್ನು ಎರಡು ಮೂರು ಇಂಚು ಗುದ್ದಲಿಯಿಂದ ಕೆದಕಿ. ಮಣ್ಣಲ್ಲಿರುವ ಕೋಶ ಮೇಲೆ ಬಂದು ಬಿಸಿಲಿಗೆ, ಇರುವೆಗೆ, ಹಕ್ಕಿಗೆ ಸಿಗುತ್ತದೆ. ಆಳವಾಗಿ ಅಗೆಯಬೇಡಿ, ಸಣ್ಣ ಬೇರುಗಳು ಮೇಲ್ಗಡೆಯೇ ಇರುತ್ತವೆ.

ಹಂತ 6: ಸಿಂಪಡಣೆ ಬೇಕೇ ಬೇಕು ಅನ್ನಿಸಿದರೆ

ಮರ ಇಪ್ಪತ್ತು ಅಡಿಯೊಳಗಿದ್ದು, ಬಲೆ ಒಡೆದ ಮೇಲೂ ಚಿಕ್ಕ ಹುಳಗಳು ಜಾಸ್ತಿ ಕಂಡರೆ ಸಿಂಪಡಿಸಬಹುದು. ನಲವತ್ತು ಅಡಿಯ ಮರಕ್ಕೆ, ಅದರಲ್ಲೂ ಪಕ್ಕದ ಮನೆಯ ಕಿಟಕಿ, ಬಾವಿ, ನೀರಿನ ಸಂಪು ಹತ್ತಿರ ಇರುವ ಕಡೆ, ಬೇಡ ಎಂದೇ ಹೇಳುತ್ತೇನೆ. ಬೆನ್ನಿಗೆ ಹಾಕುವ ಪಂಪಿನ ಹನಿ ಅಲ್ಲಿಗೆ ತಲುಪುವುದೂ ಇಲ್ಲ. ಪವರ್ ಸ್ಪ್ರೇಯರಿನಿಂದ ಹೊಡೆದರೆ ಅರ್ಧ ಗಾಳಿಯಲ್ಲಿ ಹಾರಿ ಯಾರದೋ ಅಂಗಳಕ್ಕೆ ಬೀಳುತ್ತದೆ.

ಮೊದಲ ಆಯ್ಕೆ ಬೇವು. ಬೇವಿನ ಬೀಜದ ತಿರುಳು ಪುಡಿ ಲೀಟರ್ ನೀರಿಗೆ 50 ಗ್ರಾಂ ಲೆಕ್ಕದಲ್ಲಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಗಂಟನ್ನು ಹಿಂಡಿ ಹಿಂಡಿ ಹಾಲುಬಣ್ಣದ ರಸ ಪೂರ್ತಿ ತೆಗೆಯಿರಿ. ಸೋಸಿ, ಸ್ವಲ್ಪ ಸೋಪು ಕರಗಿಸಿ ಸೇರಿಸಿ. ಇದೇ ಶೇ 5ರ ಬೇವಿನ ಕಷಾಯ. ಅದೇ ದಿನ ಬಳಸಿಬಿಡಬೇಕು. ಬೇವು ಹುಳವನ್ನು ಥಟ್ಟನೆ ಕೊಲ್ಲುವುದಿಲ್ಲ. ತಿನ್ನಲು ಮನಸ್ಸಿಲ್ಲದಂತೆ, ಪೊರೆ ಬಿಡಲಾಗದಂತೆ ಮಾಡುತ್ತದೆ. ಹಾಗಾಗಿ ಚಿಕ್ಕ ಮರಿಗಳಿದ್ದಾಗಲೇ ಹೊಡೆಯಬೇಕು. ಕಷಾಯ ಮಾಡಲು ಪುರುಸೊತ್ತಿಲ್ಲದವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಪ್ಯಾಕಿನ ಮೇಲೆ ಬರೆದಷ್ಟೇ ಕರಗಿಸಿ.

ಎರಡನೆಯದು ಬಿಟಿ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ಟಾಕಿ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ. ಪುಡಿಯಾದರೆ ಸಾಮಾನ್ಯವಾಗಿ ಲೀಟರಿಗೆ 1ರಿಂದ 2 ಗ್ರಾಂ, ಆದರೂ ಡಬ್ಬಿಯ ಚೀಟಿ ಏನು ಹೇಳುತ್ತದೋ ಅದೇ ಅಂತಿಮ. ಹುಳ ಇದನ್ನು ಎಲೆಯ ಜೊತೆ ತಿನ್ನಬೇಕು. ತಿಂದ ಮೇಲೆ ಅದರ ಕರುಳಿನಲ್ಲಿ ವಿಷ ಬಿಚ್ಚಿಕೊಂಡು, ಕೆಲವು ಗಂಟೆಯಲ್ಲಿ ತಿನ್ನುವುದು ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ಸಾಯುತ್ತದೆ. ಹೊಡೆದ ದಿನವೇ ಸತ್ತು ಬೀಳಲಿಲ್ಲ ಎಂದು ಮತ್ತೆ ಹೊಡೆಯಬೇಡಿ. ಬಿಸಿಲಿಗೆ ಬಿಟಿ ಬೇಗ ಹಾಳಾಗುತ್ತದೆ, ಹಾಗಾಗಿ ಸಂಜೆಯೇ ಹೊಡೆಯಬೇಕು. ರಾತ್ರಿ ಮಳೆ ಬರುವಂತಿದ್ದರೆ ಬೇಡ. ಬಲೆ ಒಡೆದು, ಹುಳ ಮುಂದೆ ತಿನ್ನಲಿರುವ ಪಕ್ಕದ ಹಸಿರು ಎಲೆಗಳ ಎರಡೂ ಬದಿ ನೆನೆಯಬೇಕು. ಮನುಷ್ಯರಿಗೆ, ಸಾಕುಪ್ರಾಣಿಗೆ, ಜೇನಿಗೆ ಇದರಿಂದ ತೊಂದರೆ ತೀರಾ ಕಮ್ಮಿ.

ಆದರೆ ರೇಷ್ಮೆ ಹುಳಕ್ಕೆ ಇದು ಸಾವು. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ 1901ರಲ್ಲಿ ಜಪಾನಿನಲ್ಲಿ, ಸತ್ತ ರೇಷ್ಮೆ ಹುಳಗಳಲ್ಲಿ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಾವಿನ ತೋಪಿನ ಬದಿಯಲ್ಲೇ ಹಿಪ್ಪುನೇರಳೆ ಇರುತ್ತದೆ. ನಿಮ್ಮ ಮರದ ಸುತ್ತಮುತ್ತ ಯಾರಾದರೂ ರೇಷ್ಮೆ ಸಾಕುತ್ತಿದ್ದರೆ ಬಿಟಿಯ ಹೆಸರೂ ಎತ್ತಬೇಡಿ. ಬೇವನ್ನು ಹೊಡೆಯುವುದಾದರೂ ಅವರಿಗೆ ಮೊದಲೇ ಹೇಳಿ, ಗಾಳಿ ಅತ್ತ ಬೀಸದ ಹೊತ್ತು ನೋಡಿ. ಎಲೆಗೆ ಸೋಕಿದ ಒಂದಿಷ್ಟು ಹನಿ ಸಾಕು, ಒಂದು ಮನೆಯ ತಿಂಗಳ ದುಡಿಮೆ ಹೋಗಿಬಿಡುತ್ತದೆ.

ಅಂಗಡಿಯವರು ಕೊಡುವ ತೀಕ್ಷ್ಣ ಕೀಟನಾಶಕಗಳನ್ನು ಮಕ್ಕಳು ಓಡಾಡುವ ಅಂಗಳದಲ್ಲಿ, ನಲ್ಲಿ ಪಕ್ಕದ ಮರಕ್ಕೆ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಅವು ಚಗಳಿಯನ್ನೂ ಕಣಜವನ್ನೂ ಕೊಂದು, ಮುಂದಿನ ಸಲ ಹುಳ ಇನ್ನೂ ಜಾಸ್ತಿಯಾಗಲು ದಾರಿ ಮಾಡುತ್ತವೆ. ಹೂ ಬಿಟ್ಟ ಮೇಲಂತೂ ಯಾವ ಸಿಂಪಡಣೆಯೂ ಬೇಡ. ಮಾವಿನ ಹೂವಿಗೆ ಬರುವ ನೊಣ, ಜೇನು ಇಲ್ಲದೆ ಕಾಯಿ ಕಟ್ಟುವುದಿಲ್ಲ.

ಹಂತ 7: ಕೊಯ್ಲಿನ ನಂತರ ಮರಕ್ಕೆ ಬೆಳಕು ಕೊಡಿ

ಬಲೆ ಹುಳ ಜಾಸ್ತಿ ಕಾಣುವುದು ಕೊಂಬೆಗೆ ಕೊಂಬೆ ಹೆಣೆದು ಒಳಗೆ ಕತ್ತಲೆ, ತೇವ ತುಂಬಿದ ಹಳೆಯ ಮರಗಳಲ್ಲಿ. ಬಿಸಿಲು, ಗಾಳಿ ಆಡುವ ಮರದಲ್ಲಿ ಅದು ಅಷ್ಟಾಗಿ ನೆಲೆಯೂರುವುದಿಲ್ಲ. ಪ್ರತಿ ವರ್ಷ ದೋಟಿ ಹಿಡಿದು ಸುಸ್ತಾದವರು ಈ ಹಂತವನ್ನು ತಪ್ಪದೆ ಮಾಡಬೇಕು.

ಹಣ್ಣು ಮುಗಿದ ಕೂಡಲೇ, ಜೂನ್ ಕೊನೆಯಿಂದ ಆಗಸ್ಟ್ ಒಳಗೆ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಕೊಂಬೆ ಸವರಿ. ತಡ ಮಾಡಿದರೆ ಹೊಸ ಚಿಗುರು ಬಲಿಯಲು ಸಮಯ ಸಾಲದೆ ಆ ವರ್ಷದ ಹೂ ಹೋಗುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ಬೆಳೆದಿದ್ದು ಮೊದಲು ತೆಗೆಯಿರಿ. ಆಮೇಲೆ ಮರದ ನಡುವೆ ನೆಟ್ಟಗೆ ಮೇಲೆದ್ದ ಒಂದೆರಡು ಕೊಂಬೆ. ಮಧ್ಯಾಹ್ನ ಮರದ ಬುಡದಲ್ಲಿ ನಿಂತರೆ ನೆಲದ ಮೇಲೆ ಅಲ್ಲಲ್ಲಿ ಬಿಸಿಲಿನ ಚೂರು ಬೀಳಬೇಕು, ಅಷ್ಟು ಸಾಕು. ಒಂದೇ ವರ್ಷ ಮರವನ್ನು ಬೋಳಿಸಬೇಡಿ. ಎರಡು ಮೂರು ವರ್ಷಕ್ಕೆ ಹಂಚಿಕೊಂಡು ಮಾಡಿ.

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅರ್ಧ ಕೊಯ್ಯುವಷ್ಟರಲ್ಲಿ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬೀಳುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಕಾಲು ಭಾಗ ಗರಗಸ ಹಾಕಿ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ. ಉಳಿದ ಮೋಟನ್ನು ಕೊನೆಗೆ ಕೊಯ್ಯಿರಿ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆಯ ಹಾಗೆ ಉಬ್ಬು ಇರುತ್ತದೆ, ಅದನ್ನು ಉಳಿಸಿ. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ.

ಕೊಯ್ದ ಜಾಗಕ್ಕೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಲೀಟರ್ ನೀರಿಗೆ ಹಾಕಿ ಕರಗಿಸಿ. ಇನ್ನೊಂದು ಡಬ್ಬಿಯಲ್ಲಿ 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣವನ್ನು ಅರ್ಧ ಲೀಟರ್ ನೀರಲ್ಲಿ ಅರಳಿಸಿ, ಆರಿದ ಮೇಲೆ ಮೈಲುತುತ್ತದ ನೀರನ್ನು ಸುಣ್ಣಕ್ಕೆ ನಿಧಾನವಾಗಿ ಸುರಿಯುತ್ತಾ ಮರದ ಕೋಲಿನಿಂದ ಕಲಕಿ. ಕಬ್ಬಿಣದ ಪಾತ್ರೆ ಬೇಡ. ತಿಳಿ ನೀಲಿ ಬಣ್ಣದ ಗಟ್ಟಿ ದ್ರಾವಣ ಬರುತ್ತದೆ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕು ಕೆಂಪಾದರೆ ತಾಮ್ರ ಹೆಚ್ಚಾಗಿದೆ ಎಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಬ್ರಶ್ಶಿನಿಂದ ಗಾಯ ಪೂರ್ತಿ ಮುಚ್ಚುವಂತೆ ಬಳಿಯಿರಿ. ಬಿಟಿ ಜೊತೆ ಇದನ್ನು ಎಂದೂ ಬೆರೆಸಬೇಡಿ.

ರಸ್ತೆ ಬದಿಯ ಮರ ನಿಮ್ಮ ಗೇಟಿನ ಮುಂದಿದ್ದರೂ ಅದು ಸಾರ್ವಜನಿಕರದು. ಪಾಲಿಕೆ ಅಥವಾ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಸವರಿಸಿ. ಮರ ಕಡಿಯುವುದಕ್ಕಂತೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಬಲೆ ಹುಳ ಬಿತ್ತು ಎಂಬುದು ಕಡಿಯಲು ಕಾರಣವೇ ಅಲ್ಲ.

ಬಲೆ ಕಾಂಡದ ಮೇಲಿದ್ದರೆ ಅದು ಬೇರೆ ಹುಳ

ಎಲೆ ಚೆನ್ನಾಗಿದೆ, ಆದರೆ ಕಾಂಡ, ಕವಲುಗಳ ಮೇಲೆ ಕಂದು ಬಣ್ಣದ ಅಂಕುಡೊಂಕು ಪಟ್ಟಿ ಹರಿದಾಡಿದೆ, ಮುಟ್ಟಿದರೆ ಮರದ ಹೊಟ್ಟು, ಹಿಕ್ಕೆ, ನೂಲು ಸೇರಿ ಮೆತ್ತಗಿದೆ ಅಂದರೆ ಅದು ತೊಗಟೆ ತಿನ್ನುವ ಹುಳ. ಮಾವು, ಸೀಬೆ, ನೆಲ್ಲಿ, ನೇರಳೆ, ದಾಳಿಂಬೆ, ನುಗ್ಗೆ ಎಲ್ಲಕ್ಕೂ ಬರುತ್ತದೆ. ಹಗಲು ಕವಲಿನ ಸಂದಿಯ ತೂತಿನೊಳಗೆ ಅಡಗಿದ್ದು ರಾತ್ರಿ ಪಟ್ಟಿಯ ಮರೆಯಲ್ಲಿ ಬಂದು ತೊಗಟೆ ತಿನ್ನುತ್ತದೆ. ವರ್ಷಕ್ಕೆ ಒಂದೇ ತಲೆಮಾರು, ಆದರೆ ಹತ್ತಿರ ಹತ್ತಿರ ಹತ್ತು ತಿಂಗಳು ಹುಳವಾಗಿಯೇ ಇರುತ್ತದೆ. ಎಲೆಯ ಬಲೆ ಹುಳಕ್ಕಿಂತ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಆರೈಕೆಯಿಲ್ಲದ ಮರದಲ್ಲಿ ಕೊಂಬೆಗಳನ್ನೇ ಒಣಗಿಸುತ್ತದೆ.

ಗಟ್ಟಿ ಬ್ರಶ್ಶಿನಿಂದ ಪಟ್ಟಿಯನ್ನೆಲ್ಲ ಉಜ್ಜಿ ತೆಗೆಯಿರಿ. ಕೆಳಗೆ ತೂತು ಕಾಣುತ್ತದೆ. ಸೈಕಲ್ ಚಕ್ರದ ಕಡ್ಡಿಯ ತುದಿಯನ್ನು ಸ್ವಲ್ಪ ಬಾಗಿಸಿ ಒಳಗೆ ಬಿಟ್ಟು ತಿರುಗಿಸಿ. ಹುಳಕ್ಕೆ ತಾಗಿದರೆ ತುದಿ ಒದ್ದೆಯಾಗಿ ಬರುತ್ತದೆ. ಆಮೇಲೆ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ತೂತಿಗೆ ತುರುಕಿ, ಹಸಿ ಜೇಡಿಮಣ್ಣಿನಿಂದ ಬಾಯಿ ಮುಚ್ಚಿ. ಹಳೆಯ ಪುಸ್ತಿಕೆಗಳಲ್ಲಿ ಇಲ್ಲಿ ನುವಾನ್ ಎಂಬ ಕೀಟನಾಶಕ ಹಾಕಿ ಎಂದಿರುತ್ತದೆ. ಅದರಲ್ಲಿರುವ ಡೈಕ್ಲೋರ್‌ವಾಸ್ 2020ರ ಕೊನೆಗೆ ದೇಶದಲ್ಲಿ ನಿಷೇಧವಾಗಿದೆ. ಒಂದು ವಾರದ ಮೇಲೆ ನೋಡಿ. ಹೊಸ ಹೊಟ್ಟು ಕಂಡರೆ ಇನ್ನೊಂದು ಸಲ ಮಾಡಿ.

ನುಗ್ಗೆ, ಸಪೋಟ, ಗೇರು

ಮಳೆ ಶುರುವಾದ ಮೇಲೆ ನುಗ್ಗೆಯ ಕಾಂಡದ ಮೇಲೆ ಗುಂಪಾಗಿ ಕೂರುವ ಕಂಬಳಿ ಹುಳವನ್ನು ಬರಿಗೈಯಿಂದ ಮುಟ್ಟಬೇಡಿ. ಹಗಲು ಗುಂಪಾಗಿ ಕೂರುವುದೇ ನಮಗೆ ಅನುಕೂಲ. ಗಟ್ಟಿ ಸೋಪಿನ ನೀರು ಎರಚಿ, ಉದ್ದ ಹಿಡಿಯ ಪೊರಕೆಯಿಂದ ಸೋಪಿನ ನೀರಿನ ಬಕೆಟ್ಟಿಗೇ ಗುಡಿಸಿ. ಪಂಜು ಹಿಡಿಯಿರಿ ಎಂಬ ಹಳೆಯ ಸಲಹೆ ಇದೆ, ನುಗ್ಗೆಯ ಮೆತ್ತನೆ ತೊಗಟೆಗೆ ಅದು ಆಗದು. ಕೂದಲು ಚುಚ್ಚಿಕೊಂಡರೆ ಉಜ್ಜಬೇಡಿ. ಅಂಟು ಟೇಪು ಒತ್ತಿ ಎಳೆದು ತೆಗೆದು, ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ನೇರ ಡಾಕ್ಟರ ಹತ್ತಿರ ಹೋಗಿ.

ಸಪೋಟದಲ್ಲಿ ಎಲೆಗೊಂಚಲು ಹೆಣೆಯುವ ಹುಳ ನಸುಗೆಂಪು, ಮೈಮೇಲೆ ಉದ್ದುದ್ದ ಗೆರೆ. ಎಲೆ ತಿಂದು ಸುಮ್ಮನಿರುವುದಿಲ್ಲ, ಮೊಗ್ಗನ್ನೂ ಕೊರೆಯುತ್ತದೆ. ಮರ ಗಿಡ್ಡ, ಕೈಗೋ ಸಣ್ಣ ಕೋಲಿಗೋ ಎಟುಕುತ್ತದೆ. ಕಂಡಂತೆಲ್ಲ ಗೊಂಚಲು ಕಿತ್ತು ಸೋಪಿನ ನೀರಿಗೆ ಹಾಕಿ. ಸಪೋಟ ವರ್ಷವಿಡೀ ಹೂ ಬಿಡುವ ಮರ, ಸಿಂಪಡಣೆಗೆ ಒಳ್ಳೆಯ ಹೊತ್ತು ಸಿಗುವುದೇ ಕಷ್ಟ. ಕರಾವಳಿಯ ಗೇರಿನಲ್ಲಿ ಹೊಸ ಚಿಗುರಿಗೆ, ಹೂಗೊಂಚಲಿಗೆ ಬಲೆ ಕಟ್ಟುವ ಹುಳ ಬೇರೆಯೇ ಇದೆ. ಅದಕ್ಕೂ ಮೊದಲ ಮದ್ದು ದೋಟಿಯೇ.

ಯಾರನ್ನು ಕೇಳಬೇಕು

ಹುಳ ಯಾವುದು ಎಂದು ಗೊತ್ತಾಗದಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಗೇರಿನ ವಿಷಯಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇದೆ. ಫೋನಿನಲ್ಲಾದರೆ ಕಿಸಾನ್ ಕಾಲ್ ಸೆಂಟರ್, 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಬರೀ ಫೋಟೋ ಒಯ್ಯಬೇಡಿ. ಅಗಲ ಬಾಯಿಯ ಡಬ್ಬಿಯಲ್ಲಿ ನಾಲ್ಕು ಹಸಿರು ಎಲೆ, ಅದರ ಜೊತೆ ಬದುಕಿರುವ ಹುಳ ಸಮೇತ ಒಂದು ಗುಪ್ಪೆ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಡಬ್ಬಿಯನ್ನು ಬಿಸಿಲಲ್ಲಿ, ಕಾರಿನ ಗಾಜಿನ ಹತ್ತಿರ ಇಡಬೇಡಿ. ಮರದ ವಯಸ್ಸು, ಗುಪ್ಪೆ ಕಂಡ ತಿಂಗಳು, ಹತ್ತಿರದಲ್ಲಿ ರೇಷ್ಮೆ ಸಾಕಣೆ ಅಥವಾ ಜೇನುಪೆಟ್ಟಿಗೆ ಇದೆಯಾ, ಈಗಾಗಲೇ ಏನಾದರೂ ಸಿಂಪಡಿಸಿದ್ದೀರಾ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಕೈಯಲ್ಲೇ ಇರುತ್ತದೆ.